ಮಾವನ ರೈಲಿಗೆ ಜೋಡಿ ಎಂಜಿನ್

ಎರಡು ಆಟದ ಎಂಜಿನುಗಳನ್ನು ಒಂದೇ ವೇಗದಲ್ಲಿ ಓಡಿಸುವುದು ಅದೇನು ಮಹಾ ವಿದ್ಯೆ! ಹೀಗೆಂದು ನಾನು ಮಾವನ ಮಂಚದ ಪಕ್ಕ ನಿಂತು, ಎದೆಯುಬ್ಬಿಸಿ, ಇಡೀ ಮನೆಗೆ ಕೇಳುವಂತೆ ಘೋಷಿಸಿಬಿಟ್ಟೆ. ಎದೆಯುಬ್ಬಿಸಿದ್ದು ಮಾವನಿಗೆ ಕಾಣಲಿಲ್ಲ. ಅವರ ಒಂದು ಕಣ್ಣಿಗೆ ಪೊರೆ ತೆಗೆದ ಆಪರೇಷನ್ನಿನ ಕಟ್ಟು, ಇನ್ನೊಂದು ಕಣ್ಣಿಗೆ ಇನ್ನೂ ತೆಗೆಯದ ಪೊರೆ. ಕಂಡದ್ದು ನನ್ನ ಹೆಂಡತಿಗೆ ಮಾತ್ರ.

"ಉಸಿರು ಬಿಡಿ. ಗುಂಡಿ ಕಿತ್ತು ಬಂದರೆ ಮತ್ತೆ ನಾನೇ ಹೊಲೀಬೇಕು," ಎಂದಳು.

ಅವಳು ದರ್ಜಿ. ಮನೆಯ ಹಾಲಿನ ಮೂಲೆಯಲ್ಲೇ ಅವಳ ಹೊಲಿಗೆ ಮಷೀನು. ಊರಿನವರ ಅಳತೆಯನ್ನೆಲ್ಲ ಟೇಪು ಹಿಡಿದು ತೆಗೆದುಕೊಳ್ಳುತ್ತಾಳೆ. ನನ್ನ ಅಳತೆಗೆ ಮಾತ್ರ ಅವಳಿಗೆ ಟೇಪು ಬೇಕಾಗಿಲ್ಲ.

ಮಾವ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಕೆಲಸದಲ್ಲಿದ್ದಷ್ಟು ಕಾಲ ಬೇರೆಯವರ ತೀರ್ಪುಗಳನ್ನು ಟೈಪ್ ಮಾಡಿದರು; ನಿವೃತ್ತರಾದ ಮೇಲೆ ತಾವೇ ತೀರ್ಪು ಕೊಡತೊಡಗಿದರು! ಅವರಿಗಿದ್ದ ಒಂದೇ ಒಂದು ಶೋಕಿ ಪುಟಾಣಿ ರೈಲು. ಒಂದು ಹಸಿರು ಎಂಜಿನು, ಒಂದು ಕೆಂಪು ಎಂಜಿನು, ಸಾಲುದ್ದ ಬೋಗಿಗಳು. ಎಲ್ಲವೂ ಹಳೆಯ ಕಾಲದ ಲೋಹದವು, ಕೈಗೆತ್ತಿಕೊಂಡರೆ ಇಸ್ತ್ರಿ ಪೆಟ್ಟಿಗೆಯಷ್ಟು ಭಾರ. ಕಣ್ಣು ಮಂಜಾಗುತ್ತ ಬಂದ ಹಾಗೆ ಚಕ್ರವನ್ನು ಹಳಿಯ ಮೇಲಿಡಲೂ ಆಗದೆ ಅದನ್ನೆಲ್ಲ ಪೆಟ್ಟಿಗೆ ಸೇರಿಸಿದ್ದರು. ಆಸ್ಪತ್ರೆಗೆ ಹೊರಡುವ ದಿನ ಆ ಪೆಟ್ಟಿಗೆ ತರಿಸಿದರು. ನನ್ನ ಕೈಗೆ ಹಸಿರು ಎಂಜಿನು ಇಟ್ಟರು, ಇನ್ನೊಬ್ಬ ಅಳಿಯನ ಕೈಗೆ ಕೆಂಪು.

"ಕಟ್ಟು ಬಿಚ್ಚಿದ ಮೇಲೆ ನಾನು ಮೊದಲು ನೋಡಬೇಕಾದ್ದು ನನ್ನ ರೈಲು. ಪೂರ್ತಿ ರೈಲು, ಒಂದು ಬೋಗಿಯೂ ಕಡಿಮೆ ಆಗಬಾರದು. ಆಗ ಗೊತ್ತಾಗುತ್ತೆ, ಕಣ್ಣು ಬಂತೋ ಇಲ್ಲವೋ ಅಂತ," ಎಂದರು.

ದನಿ ಗಟ್ಟಿಯಾಗಿಯೇ ಇತ್ತು. ಆದರೆ ಎಂಜಿನು ಕೊಟ್ಟ ಮೇಲೂ ಅದರ ಮೇಲಿಂದ ಬೆರಳು ತೆಗೆಯದೆ ಇದ್ದುದನ್ನು ನಾನು ನೋಡಿದೆ, ಹೆಂಡತಿಯೂ ನೋಡಿದಳು. ಇಷ್ಟು ಕಂಡ ಮೇಲೆ ಯಾವ ಅಳಿಯ ತಾನೇ ಎದೆಯುಬ್ಬಿಸದೆ ಇದ್ದಾನು!

ಇನ್ನೊಬ್ಬ ಅಳಿಯ ಎಂದೆನಲ್ಲ, ಅವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಷಡ್ಡಕ ಎಂದಮೇಲೆ ಅಡ್ಡ ಬರಲೇಬೇಕು, ಪ್ರಾಸವೇ ಹಾಗಿದೆ! ಅವನಿಗೆ ಔಷಧಿ ಅಂಗಡಿ. ಮಾತ್ರೆ ಡಬ್ಬಿಯೊಳಗಿನ ಇರುವೆ ಅಕ್ಷರದ ಕಾಗದವನ್ನೂ ಬಿಡದೆ ಓದುವವನು. ಹೊಸ ಬಕೆಟ್ಟು ತಂದರೂ "ಇದರ ಕೈಪಿಡಿ ಎಲ್ಲಿ?" ಎಂದು ಕೇಳುತ್ತಾನೆ. ಅದಕ್ಕೇ ಮನೆಮಂದಿಯೆಲ್ಲ ಅವನನ್ನು ಕೈಪಿಡಿ ಎಂದೇ ಕರೆಯುವುದು. ನಾನೋ, ಕೈಪಿಡಿಯನ್ನು ಕೈಯಿಂದ ಹಿಡಿದವನೇ ಅಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವವನು ನಾನು. ಎಂಥ ಸಮಸ್ಯೆಯೇ ಆಗಲಿ, ಸುಮ್ಮನೆ ಬಿಟ್ಟರೆ ತಾನಾಗಿ ಸರಿಹೋಗುತ್ತದೆ ಎಂಬುದು ನಮ್ಮ ಇಲಾಖೆಯ ನಂಬಿಕೆ!

ಮಾವನ ಕೋಣೆಯ ಮಂಚದ ಬುಡವೇ ಸ್ಟೇಷನ್ನು. ಅಲ್ಲಿಂದ ಹಳಿ ಹೊಸ್ತಿಲು ದಾಟಿ ಹಾಲಿಗಿಳಿದು, ಊಟದ ಮೇಜಿನಡಿ ನುಗ್ಗಿ, ಸೋಫಾ ಸುತ್ತಿ, ಹೊಲಿಗೆ ಮಷೀನಿನ ಪಕ್ಕದಲ್ಲಿ ಹಾದು, ಮತ್ತೆ ಹೊಸ್ತಿಲು ಹತ್ತಿ ಮಂಚಕ್ಕೇ ವಾಪಸ್ಸು. ಹೊಸ್ತಿಲಿನ ಎರಡೂ ಕಡೆ ರಟ್ಟು ಜೋಡಿಸಿ ಇಳಿಜಾರು ಮಾಡಿದೆವು. ಆ ಏರು ಹತ್ತುವುದಕ್ಕೇ ಜೋಡಿ ಎಂಜಿನು ಬೇಕಾದದ್ದು. ಒಂದೇ ಎಂಜಿನಿಗೆ ಅಷ್ಟು ಬೋಗಿ ಕಟ್ಟಿದರೆ ಅರ್ಧಕ್ಕೆ ಬಂದು ಏದುಸಿರು ಬಿಡುತ್ತ ನಿಲ್ಲುತ್ತಿತ್ತು.

ರಿಮೋಟಿನಲ್ಲಿ ಓಡಿಸೋಣವೆಂದು ನಾನು ಎರಡೂ ಎಂಜಿನುಗಳನ್ನು ಅಂಗಡಿಗೆ ಒಯ್ದು ಹೊಟ್ಟೆಯೊಳಗೆ ಹೊಸ ಚಿಪ್ಪು ಹಾಕಿಸಿಕೊಂಡು ಬಂದೆ. ಪ್ರತಿ ಚಿಪ್ಪಿಗೂ ಒಂದು ನಂಬರು. ರಿಮೋಟಿನಲ್ಲಿ ಆ ನಂಬರು ಒತ್ತಿ ಓಡು ಎಂದರೆ ಆ ಎಂಜಿನು ಓಡುತ್ತದೆ. "ಇನ್ನುಮೇಲೆ ನೀನು ಇಷ್ಟೇ ಜೋರಾಗಿ ಓಡಬೇಕು" ಎಂದು ಕಲಿಸಿಕೊಟ್ಟರೆ ಹಾಗೆಯೇ ನೆನಪಿಟ್ಟುಕೊಳ್ಳುತ್ತದೆ. ಅಂಗಡಿಯವನು ಎರಡು ರಿಮೋಟು ಕೊಟ್ಟ, ನನಗೊಂದು, ಕೈಪಿಡಿಗೊಂದು; ಜೊತೆಗೆ ಚಿಪ್ಪಿನ ಕೈಪಿಡಿ. ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ವಿವರಿಸಿದೆ.

"ಅಂತೂ ಇಬ್ಬರ ಕೈಗೂ ಚಿಪ್ಪು ಕೊಟ್ಟು ಕಳಿಸಿದ ಅನ್ನಿ," ಎಂದಳು.

ಮೊದಲ ಓಟಕ್ಕೇ ಗ್ರಹಚಾರ ಕೆಟ್ಟಿತು. ಮುಂದೆ ನನ್ನ ಹಸಿರು, ಹಿಂದೆ ಅವನ ಕೆಂಪು, ಅದರ ಹಿಂದೆ ಬೋಗಿಗಳು. ಕೆಂಪು ಎಂಜಿನು ಹುಟ್ಟಾ ಅವಸರದ್ದು. ಅದು ಹಸಿರನ್ನು ಹಿಂದಿನಿಂದ ಗುದ್ದಿತು. ಹಸಿರು ಹಳಿ ಬಿಟ್ಟು ಸೋಫಾದ ಕೆಳಗೆ ಹೋಗಿ ಅಡ್ಡಾಯಿತು. ಕೆಂಪನ್ನು ಮುಂದಿಟ್ಟು ನೋಡಿದೆವು. ಈಗ ಅದು ಹಸಿರನ್ನು ದರದರ ಎಳೆದುಕೊಂಡು ಹೋಯಿತು, ಅಂಗಡಿ ಬೀದಿಯಲ್ಲಿ ನನ್ನ ಹೆಂಡತಿ ನನ್ನನ್ನು ಎಳೆದುಕೊಂಡು ಹೋಗುವ ಹಾಗೆ.

ಕೋಣೆಯಿಂದ ಮಾವನ ದನಿ ಬಂತು: "ಒಂದು ಓಡ್ತಿದೆ, ಇನ್ನೊಂದು ಒದ್ದಾಡ್ತಿದೆ!"

ಕಣ್ಣಿಗೆ ಕಟ್ಟಿದ್ದರೇನು, ಕಿವಿಗೆ ಕಟ್ಟಿರಲಿಲ್ಲವಲ್ಲ.

"ಮಾವ, ಎರಡರ ವೇಗ ಹೊಂದಿಸಿದರೆ ಎಲ್ಲ ಸರಿಹೋಗುತ್ತೆ!" ಎಂದು ಕೂಗಿದೆ.

"ಕೈಪಿಡಿಯಲ್ಲೂ ಹಾಗೇ ಇದೆ," ಎಂದ ಕೈಪಿಡಿ.

ಬೋಗಿಗಳನ್ನು ಬಿಚ್ಚಿಟ್ಟು, ಎರಡು ಎಂಜಿನುಗಳನ್ನೂ ಹಳಿಯ ಮೇಲೆ ಒಂದರ ಹಿಂದೊಂದು ದೂರದೂರಕ್ಕೆ ಬಿಟ್ಟು ಓಡಿಸಿದೆವು. ಕೆಂಪು ಜೋರು, ಹಸಿರು ನಿಧಾನ. ಸರಿ, ನಾನು ಸೋಫಾದ ಈ ತುದಿಯಲ್ಲಿ ಕುಳಿತು ನನ್ನ ಹಸಿರನ್ನು ಸ್ವಲ್ಪ ಜೋರು ಮಾಡಿದೆ. ಹಸಿರು ಜೋರಾಯಿತು. ಕೆಂಪೂ ಜೋರಾಯಿತು!

"ಏನ್ರೀ, ನಾನು ಇಲ್ಲಿ ಜೋರು ಮಾಡಿದರೆ ನೀವು ಅಲ್ಲಿ ಜೋರು ಮಾಡ್ತೀರಲ್ಲ!" ಎಂದೆ.

"ನಾನು ಮುಟ್ಟಿಯೇ ಇಲ್ಲ. ಈಗ ನೋಡಿ, ನನ್ನದನ್ನ ನಿಧಾನ ಮಾಡ್ತೀನಿ."

ಮಾಡಿದ. ಕೆಂಪು ನಿಧಾನವಾಯಿತು. ನನ್ನ ಹಸಿರೂ ನಿಧಾನವಾಯಿತು!

"ನನ್ನ ಎಂಜಿನ್ನಿಗೆ ಯಾಕ್ರೀ ಕೈ ಹಾಕ್ತೀರಿ?"

"ಯಾರು ಹಾಕಿದ್ದು? ನಾನು ನನ್ನದನ್ನ ಮಾತ್ರ ನಿಧಾನ ಮಾಡಿದೆ!"

"ಹಾಗಾದರೆ ನನ್ನದು ಯಾಕೆ ಸುಸ್ತಾಯ್ತು?"

"ನಿಮ್ಮ ಸಹವಾಸ!"

ನಾನು ಹಟಕ್ಕೆ ಬಿದ್ದು ಹಸಿರನ್ನು ಇನ್ನೂ ಜೋರು ಮಾಡಿದೆ. ಅವನು ಹಟಕ್ಕೆ ಬಿದ್ದು ಕೆಂಪನ್ನು ಇನ್ನೂ ನಿಧಾನ ಮಾಡಿದ. ಎಂಜಿನುಗಳು ಒಮ್ಮೆ ಗಾಳಿಗೆ ಸಿಕ್ಕ ಕಾಗದದಂತೆ ಹಾರಿದವು, ಒಮ್ಮೆ ಬಸುರಿ ಬಸವನಹುಳುವಿನಂತೆ ತೆವಳಿದವು. ಆದರೆ ಒಂದಂತೂ ನಿಜ, ಹಾರಲಿ, ತೆವಳಲಿ, ಕೆಂಪೇ ಜೋರು! ಹಸಿರಿಗಿಂತ ಎಷ್ಟು ಜೋರಿತ್ತೋ ಅಷ್ಟೇ ಜೋರು. ನನಗೆ ತಲೆ ಚಿಟ್ಟು ಹಿಡಿಯಿತು. ಇದೇನು ಎಂಜಿನ್ನೋ, ದೆವ್ವವೋ! ಕೈಪಿಡಿ ತನ್ನ ಕೈಪಿಡಿಯನ್ನು ಮೊದಲಿಂದ ಕೊನೆಗೆ ಓದಿದ, ಆಮೇಲೆ ಕೊನೆಯಿಂದ ಮೊದಲಿಗೆ ಓದಿದ.

"ಹಳಿ ಕೊಳೆಯಾಗಿರಬಹುದು ಅಂತಿದೆ," ಎಂದ.

ಹಳಿ ಉಜ್ಜಿದೆವು. ಊಟದ ಮೇಜಿನಡಿ ಇಬ್ಬರೂ ಮಂಡಿಯೂರಿ ಎದುರುಬದುರಾಗಿ ಉಜ್ಜುತ್ತ ಬಂದು ನಡುವೆ ತಲೆಗೆ ತಲೆ ಢೀ ಹೊಡೆದುಕೊಂಡೆವು. ಹಳಿ ಕನ್ನಡಿಯಂತೆ ಹೊಳೆಯಿತು. ಕೆಂಪು ಆಗಲೂ ಜೋರು.

"ನೆಲ ಓರೆ ಇರಬಹುದು," ಎಂದೆ ನಾನು. ಕಾಗದ ಮಡಿಸಿ ಹಳಿಯಡಿ ತುರುಕಿದೆವು. ಈಗ ಓರೆಯಿಲ್ಲದ ಕಡೆಯೂ ಓರೆಯಾಯಿತು.

ಆಗಲೇ ಆ ಅನಾಹುತ ನಡೆದದ್ದು. ಹೆಂಡತಿ ಮಷೀನಿನ ಮುಂದೆ ಬಗ್ಗಿ ಬಟ್ಟೆ ಕತ್ತರಿಸುತ್ತಿದ್ದಳು. ಅವಳ ಕೊರಳಿನಿಂದ ಅಳತೆಯ ಟೇಪು ನೆಲದವರೆಗೂ ಇಳಿಬಿದ್ದಿತ್ತು. ನಾನು ಕೋಪದಲ್ಲಿ ಪೂರ್ತಿ ಜೋರು ಒತ್ತಿದ್ದೆ. ಸುಯ್ಯೆಂದು ಬಂದ ಕೆಂಪು ಎಂಜಿನಿನ ಕೊಕ್ಕೆಗೆ ಟೇಪಿನ ತುದಿ ಸಿಕ್ಕಿತು. ಸರ್ರನೆ ಟೇಪು ಹೋಯಿತು! ಟೇಪಿನೊಂದಿಗೆ ಅವಳ ಕನ್ನಡಕ ಹೋಯಿತು. ಬೆಚ್ಚಿಬಿದ್ದ ಅವಳ ಕೈಯ ಕತ್ತರಿ ನೇರ ದಾರಿ ಬಿಟ್ಟು ಓರೆ ದಾರಿ ಹಿಡಿಯಿತು.

ಅವಳು ಬಟ್ಟೆಯನ್ನು ಎತ್ತಿ ಹಿಡಿದಳು. ಯಾರೋ ಗಿರಾಕಿಯ ಪ್ಯಾಂಟು. ಒಂದು ಕಾಲು ಪಾದದವರೆಗೆ, ಇನ್ನೊಂದು ಮಂಡಿಯವರೆಗೆ.

"ಇದನ್ನೂ ಹೊಂದಿಸಿ ಕೊಡಿ," ಎಂದಳು. ಅಷ್ಟೇ. ಕೂಗಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಕೈಪಿಡಿಯ ಕಡೆ ಕೈ ತೋರಿಸಿದೆ. "ಟೇಪು ಎಳೆದದ್ದು ಕೆಂಪು ಎಂಜಿನ್ನು. ಅದು ಇವರದ್ದು."

"ಜೋರು ಒತ್ತಿದ್ದು ನೀವು!" ಎಂದು ಅವನು ಎದ್ದು ನಿಂತ.

"ನಾನು ಒತ್ತಿದ್ದು ಹಸಿರಿಗೆ! ಕೆಂಪು ಯಾಕೆ ಓಡಬೇಕಿತ್ತು?"

"ಅದನ್ನೇ ನಾನೂ ಕೇಳ್ತಿರೋದು! ನಿಮಗೆ ನನ್ನ ಮೇಲೆ ಮೊದಲಿಂದಲೂ ಹೊಟ್ಟೆಕಿಚ್ಚು. ಕದ್ದು ನನ್ನ ಎಂಜಿನ್ನನ್ನ ಓಡಿಸಿ ಹಾಳು ಮಾಡ್ತಿದ್ದೀರಿ!"

"ನಿಮ್ಮ ಆ ಸುಡುಗಾಡು ಎಂಜಿನ್ನನ್ನ ಮುಟ್ಟೋಕೆ ನನಗೇನು ಹುಚ್ಚೇ?"

ಅವನು ರಿಮೋಟನ್ನು ಸೋಫಾದ ಮೇಲೆ ಎಸೆದು ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ನಾನು ಊಟದ ಮೇಜಿನ ಮುಂದೆ ಕುಳಿತು ಗೋಡೆ ನೋಡತೊಡಗಿದೆ. ಎಂಜಿನುಗಳೂ ನಿಂತಿದ್ದವು.

"ಯಾಕೆ, ಸದ್ದೇ ಇಲ್ಲ?" ಎಂದರು ಮಾವ ಒಳಗಿನಿಂದ. ಆ ದನಿಯಲ್ಲಿ ಈ ಸಲ ತೀರ್ಪಿರಲಿಲ್ಲ. "ಕೆಟ್ಟೋಯ್ತಾ?"

ಅಷ್ಟರಲ್ಲಿ ಒಳಬಂದಿದ್ದ ನಾದಿನಿ, ಎಂದರೆ ಕೈಪಿಡಿಯ ಹೆಂಡತಿ, ನಮ್ಮಿಬ್ಬರ ಮುಖಗಳನ್ನು ನೋಡಿದಳು. "ಇಲ್ಲಪ್ಪ, ಬಿಸಿಯಾಗಿತ್ತು. ಆರೋಕೆ ಬಿಟ್ಟಿದ್ದಾರೆ," ಎಂದು ಕೂಗಿದಳು. ಎಂಜಿನ್ನು ಎಂದು ಮಾವ ತಿಳಿದುಕೊಂಡರು.

ಮಾರನೆಯ ದಿನವೇ ಕಟ್ಟು ಬಿಚ್ಚುವುದು. ಷಡ್ಡಕನ ಮೇಲಿನ ಸಿಟ್ಟು ಒಂದು ಕಡೆ, ಮಾವನ ಆ ಪ್ರಶ್ನೆ ಇನ್ನೊಂದು ಕಡೆ. ಹೋಗಿ ಮಾತಾಡಿಸಲೇ ಎಂದರೆ, ಅವನೇ ಮೊದಲು ಬರಲಿ ಎಂದು ಬುದ್ಧಿ ಹೇಳುತ್ತಿತ್ತು. ಅವನ ಬುದ್ಧಿಯೂ ಅದನ್ನೇ ಹೇಳುತ್ತಿತ್ತಂತೆ, ಆಮೇಲೆ ತಿಳಿಯಿತು.

ಅಕ್ಕ ತಂಗಿ ಇಬ್ಬರೂ ಅಡುಗೆಮನೆಯಲ್ಲಿದ್ದರು. ಅಲ್ಲಿಂದ ಒಂದು ಕೂಗು ಬಂತು.

"ರೀ!"

ನಾನು ಕುರ್ಚಿಯಿಂದ ಎದ್ದು ಓಡಿದೆ. ಬಾಲ್ಕನಿಯಿಂದ ಅವನೂ ಓಡಿಬಂದ. ಅಡುಗೆಮನೆಯ ಬಾಗಿಲಲ್ಲಿ ಭುಜಕ್ಕೆ ಭುಜ ತಗುಲಿ, ಒಳಗೂ ಹೋಗಲಾರದೆ ಹೊರಗೂ ಬರಲಾರದೆ ಇಬ್ಬರೂ ಸಿಕ್ಕಿಬಿದ್ದೆವು.

"ಒಬ್ಬರನ್ನ ಕರೆದರೆ ಇಬ್ಬರೂ ಯಾಕ್ರೀ ಬರ್ತೀರಿ?" ಎಂದಳು ನನ್ನ ಹೆಂಡತಿ.

"ರೀ ಅಂದಿರಲ್ಲ ಅತ್ತಿಗೆ," ಎಂದ ಕೈಪಿಡಿ. "ನನ್ನವಳು ಕರೀತಾಳೆ ಅಂದುಕೊಂಡೆ. ನಿಮ್ಮಿಬ್ಬರ ದನಿಯೂ ಒಂದೇ ಥರ. ನನಗೂ ರೀ, ಇವರಿಗೂ ರೀ..."

ಹೇಳುತ್ತಿದ್ದವನು ನಿಲ್ಲಿಸಿದ. ಬಾಗಿಲಲ್ಲಿ ಸಿಕ್ಕಿಕೊಂಡೇ ನಾನು ಅವನ ಕಡೆ ಕತ್ತು ತಿರುಗಿಸಿದೆ, ಅವನು ನನ್ನ ಕಡೆ ತಿರುಗಿಸಿದ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ.

"ನಿಮ್ಮ ಎಂಜಿನ್ ನಂಬರ್ ಎಷ್ಟು?" ಎಂದೆ.

"ಮೂರು. ನಿಮ್ಮದು?"

"...ಮೂರು."

"ಅಯ್ಯೋ!" ಎಂದು ಅವನು ಹಣೆ ಹಣೆ ಚಚ್ಚಿಕೊಳ್ಳಲು ಹೋದ, ಕೈ ಬಾಗಿಲಿಗೆ ಸಿಕ್ಕಿಕೊಂಡಿತ್ತು. "ಕಾರ್ಖಾನೆಯಿಂದ ಬರೋ ಚಿಪ್ಪಿಗೆಲ್ಲ ಮೂರೇ ನಂಬರ್ ಇರುತ್ತೆ. ಎರಡಿದ್ದರೆ ಒಂದನ್ನ ಬದಲಾಯಿಸಬೇಕು. ಅಂಗಡಿಗೆ ಹೋದವರು ನೀವು, ಬದಲಾಯಿಸಿರ್ತೀರಿ ಅಂದುಕೊಂಡೆ!"

"ಕೈಪಿಡಿ ಓದಿದವರು ನೀವು, ಬದಲಾಯಿಸಿರ್ತೀರಿ ಅಂದುಕೊಂಡೆ!"

ಯಾರು ಗುಂಡಿ ಒತ್ತಿದರೂ ಮೂರು ಎಂಬ ಕರೆಗೆ ಎರಡೂ ಎಂಜಿನುಗಳು ಓಗೊಟ್ಟಿದ್ದವು. ಅವು ಮಾಡಿದ್ದರಲ್ಲಿ ತಪ್ಪೇನಿತ್ತು? ಕರೆದಾಗ ಬಂದಿದ್ದವು, ಪಾಪ. ನಾವೂ ಅದನ್ನೇ ಮಾಡಿ ಬಾಗಿಲಲ್ಲಿ ಬೆಣೆಯಾಗಿದ್ದೆವು!

"ಕರೆದದ್ದು ಯಾಕೆ ಅಂತ ಇಬ್ಬರಲ್ಲಿ ಒಬ್ಬರಾದರೂ ಕೇಳ್ತೀರಾ?" ಎಂದಳು ಹೆಂಡತಿ. ಡಬ್ಬಿಯ ಮುಚ್ಚಳ ತೆಗೆಯಬೇಕಿತ್ತಂತೆ. ಅಷ್ಟರಲ್ಲಿ ನಾದಿನಿಯೇ ತೆಗೆದಿದ್ದಳು.

ಹಸಿರಿಗೆ ನಾಲ್ಕನೇ ನಂಬರು ಕೊಟ್ಟೆವು. ಕೆಂಪನ್ನು ನಿಧಾನ ಮಾಡಿದರೆ ಕೆಂಪು ಮಾತ್ರ ನಿಧಾನವಾಯಿತು! ಆ ದೃಶ್ಯ ನೋಡಿ ನನಗೆ ಅಳು ಬರುವುದೊಂದು ಬಾಕಿ. ಅವನು "ಇನ್ನೊಂಚೂರು, ಇನ್ನೊಂಚೂರು" ಎನ್ನುತ್ತ ಸೋಫಾದ ಹಿಂದೆ ತೆವಳಿದ. ನಾನು "ಸಾಕು, ಅಲ್ಲೇ, ಅಲ್ಲೇ" ಎನ್ನುತ್ತ ಮೇಜಿನಡಿ ತೆವಳಿದೆ. ಕೊನೆಗೆ ಒಂದರ ಹಿಂದೊಂದು ಎಷ್ಟು ಸುತ್ತು ಹಾಕಿದರೂ ನಡುವಿನ ಅಂತರ ಕೂದಲೆಳೆಯಷ್ಟೂ ಬದಲಾಗಲಿಲ್ಲ.

"ಈಗ ಒಂದೇ ಸದ್ದು," ಎಂದಿತು ಮಾವನ ದನಿ, ಮೆಲ್ಲಗೆ. "ಎರಡಿದೆ ಅಂತಲೇ ಗೊತ್ತಾಗ್ತಿಲ್ಲ."

ಷಡ್ಡಕನನ್ನು ತಬ್ಬಿಕೊಂಡೆ. ಅವನೂ ತಬ್ಬಿಕೊಂಡ. ಒಂದೂವರೆ ಕಾಲಿನ ಪ್ಯಾಂಟನ್ನು ಕೈಯಲ್ಲಿ ಹಿಡಿದು ಹೆಂಡತಿ ಇದನ್ನೆಲ್ಲ ನೋಡುತ್ತ ನಿಂತಿದ್ದಳು.

ಮಾರನೆಯ ಬೆಳಿಗ್ಗೆ ಅಕ್ಕ ತಂಗಿಯರು ಮಾವನನ್ನು ಆಸ್ಪತ್ರೆಗೆ ಕರೆದೊಯ್ದರು. ಇತ್ತ ನಾವಿಬ್ಬರೂ ಸ್ಟೇಷನ್ ಸಿಬ್ಬಂದಿ. ಮಂಚದ ಬುಡದಲ್ಲಿ ಬೋಗಿಗಳನ್ನೆಲ್ಲ ಸಾಲಾಗಿ ಕೂಡಿಸಿದೆವು. ಕೊನೆಯದಾಗಿ ಎಂಜಿನುಗಳನ್ನು ಕೈಗೆತ್ತಿಕೊಂಡು ಚಕ್ರ ಒರೆಸಿ, ಮೈ ಒರೆಸಿ, ಮತ್ತೆ ಹಳಿಯ ಮೇಲಿಟ್ಟು ಒಂದಕ್ಕೊಂದು ಕೊಕ್ಕೆ ಹಾಕಿದೆವು.

"ಒಂದು ಸಲ ಓಡಿಸಿ ನೋಡೋಣವೇ?" ಎಂದ ಕೈಪಿಡಿ.

"ಬೇಡ, ಮೊದಲ ಓಟ ಮಾವನೇ ನೋಡಲಿ!" ಎಂದೆ. ನನ್ನ ಬಾಯಿಗೆ ಅಂದು ಯಾರಾದರೂ ಬೀಗ ಹಾಕಬೇಕಿತ್ತು.

ಮಾವ ಕಪ್ಪು ಕನ್ನಡಕ ಹಾಕಿಕೊಂಡು ಮಗಳ ಕೈ ಹಿಡಿದು ಬಂದರು. ದಾರಿಯುದ್ದಕ್ಕೂ ನೆಲ ನೋಡಿಕೊಂಡೇ ಬಂದರಂತೆ, ಮೊದಲು ರೈಲನ್ನೇ ನೋಡಬೇಕೆಂದು! ಮಂಚದ ಅಂಚಿಗೆ ಕುಳಿತರು. ಕನ್ನಡಕ ತೆಗೆದರು. ಪೊರೆಯಿದ್ದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. ಆಪರೇಷನ್ ಆದ ಕಣ್ಣು ಪಿಳಿಪಿಳಿ ಎಂದಿತು.

"ಹಸಿರು," ಎಂದರು. "ಕೆಂಪು." ಆಮೇಲೆ, "ಬೋಗಿಯ ಕಿಟಕಿ ಕೂಡ ಕಾಣ್ತಿದೆ."

ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. ಅಂಥ ಸಂದರ್ಭದಲ್ಲಿ ಭಾಷಣ ಮಾಡದಿದ್ದರೆ ಹೇಗೆ? "ಮಾವ, ಇಬ್ಬರು ಅಳಿಯಂದಿರ ಒಗ್ಗಟ್ಟಿನ ಫಲ ಇದು. ಎರಡು ಎಂಜಿನ್ನು, ಒಂದೇ ವೇಗ, ಒಂದೇ ಮನಸ್ಸು! ಹೊರಡ್ತಿದೆ ನೋಡಿ!" ಎಂದು ಕೈಪಿಡಿಗೆ ಸನ್ನೆ ಮಾಡಿದೆ. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದೆವು.

ಗುರ್ರ್‌ರ್ ಎಂದವು ಎಂಜಿನುಗಳು. ಚಕ್ರಗಳು ಗಿರಗಿರನೆ ತಿರುಗಿದವು. ರೈಲು ಇದ್ದಲ್ಲೇ ಇತ್ತು.

ಇನ್ನಷ್ಟು ಜೋರು ಮಾಡಿದೆವು. ಚಕ್ರಗಳು ಇನ್ನಷ್ಟು ತಿರುಗಿದವು. ರೈಲು ಒಂದು ಚೂರೂ ಕದಲಲಿಲ್ಲ.

ಮಾವ ಮುಂದಕ್ಕೆ ಬಾಗಿದರು. ಕಣ್ಣುಜ್ಜಲು ಹೋದವರು ಡಾಕ್ಟರ ಮಾತು ನೆನಪಾಗಿ ಕೈ ಹಿಂದೆ ತೆಗೆದರು. ಕನ್ನಡಕ ಹಾಕಿದರು, ತೆಗೆದರು. ಮುಖದಲ್ಲಿದ್ದ ಬಣ್ಣವೆಲ್ಲ ಇಳಿಯಿತು.

"ಮಗಳೇ, ಆಸ್ಪತ್ರೆಗೆ ಫೋನ್ ಮಾಡು," ಎಂದರು. "ಚಕ್ರ ತಿರುಗೋದು ಕಾಣ್ತಿದೆ. ರೈಲು ಹೋಗೋದು ಕಾಣ್ತಿಲ್ಲ. ಏನೋ ಕೆಟ್ಟಿದೆ."

ನಾದಿನಿ ಗಾಬರಿಯಲ್ಲಿ ರೈಲನ್ನು ನೋಡಲೇ ಇಲ್ಲ, ಅಪ್ಪನ ಮುಖ ನೋಡಿ ಫೋನ್ ಹಚ್ಚಿದಳು. "ಸಿಸ್ಟರ್, ಬೆಳಿಗ್ಗೆ ಕಟ್ಟು ಬಿಚ್ಚಿದರಲ್ಲ, ಅವರ ಮಗಳು ನಾನು. ಅವರಿಗೆ ಓಡೋದೆಲ್ಲ ನಿಂತ ಹಾಗೆ ಕಾಣ್ತಿದೆಯಂತೆ!" ಕೂಡಲೇ ಕರೆತನ್ನಿ ಎಂದರಂತೆ ಅತ್ತ ಕಡೆಯವರು. ಅವಳು ಚಪ್ಪಲಿ ಹುಡುಕತೊಡಗಿದಳು.

ನಾನು ಕೈಪಿಡಿಯನ್ನು ನೋಡಿದೆ, ಅವನು ನನ್ನನ್ನು ನೋಡಿದ. ಸುಳ್ಳೇಕೆ ಹೇಳಲಿ, ಸುಮ್ಮನಿದ್ದುಬಿಡಲೇ ಎಂಬ ಯೋಚನೆ ಒಂದು ಗಳಿಗೆ ಬಂತು. ಸಮಸ್ಯೆಯನ್ನು ಹಾಗೇ ಬಿಟ್ಟರೆ ತಾನಾಗಿ ಸರಿಹೋಗುತ್ತದಲ್ಲ! ಅಷ್ಟರಲ್ಲಿ ಮಾವನ ಕೈ ಮಂಚದ ಅಂಚನ್ನು ತಡಕಾಡಿ ಹಿಡಿದುಕೊಂಡಿತು, ಕಾಣದವರ ಕೈಯ ಹಾಗೆ. ನನಗೆ ತಡೆಯಲಾಗಲಿಲ್ಲ.

"ಮಾವ, ನಿಮ್ಮ ಕಣ್ಣು ಚೆನ್ನಾಗಿದೆ!" ಎಂದು ಕೂಗಿಬಿಟ್ಟೆ. "ರೈಲು ನಿಜವಾಗಿಯೂ ಹೋಗ್ತಿಲ್ಲ!"

ಮಾವ ಅನುಮಾನದಿಂದ ನನ್ನತ್ತ ನೋಡಿದರು. "ನನ್ನ ಸಮಾಧಾನಕ್ಕೆ ಹೇಳಬೇಡಿ."

"ಇಲ್ಲಪ್ಪ, ನಮಗೂ ನಿಂತ ಹಾಗೇ ಕಾಣ್ತಿದೆ," ಎಂದಳು ಹೆಂಡತಿ, ಹಳಿಯ ಹತ್ತಿರ ಬಗ್ಗಿ.

ಮಾವನೂ ಬಗ್ಗಿದರು. ನೋಡಿದರು, ಮತ್ತೆ ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು.

"ಚಕ್ರ ನೋಡಿ ಅಳಿಯಂದಿರೇ. ಕೆಂಪಿನದ್ದು ಈ ಕಡೆ ತಿರುಗ್ತಿದೆ, ಹಸಿರಿನದ್ದು ಆ ಕಡೆ. ಒಂದು ಹೋಗ್ತೀನಿ ಅಂತಿದೆ, ಇನ್ನೊಂದು ಬರ್ತೀನಿ ಅಂತಿದೆ!"

ಆ ಎಂಜಿನುಗಳಿಗೆ ಮುಂದು ಹಿಂದು ಎರಡೂ ಒಂದೇ ಥರ. ಒರೆಸಿ ಇಡುವಾಗ ಒಂದನ್ನು ತಿರುಗುಮುರುಗಾಗಿ ಇಟ್ಟುಬಿಟ್ಟಿದ್ದೆವು. ತೂಕ ಒಂದೇ, ವೇಗವಂತೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದು ಎಷ್ಟು ಮುಂದಕ್ಕೆಳೆಯಿತೋ ಇನ್ನೊಂದು ಅಷ್ಟೇ ಹಿಂದಕ್ಕೆಳೆಯಿತು. ಇನ್ನೊಂದಿಷ್ಟು ಕೆಟ್ಟದಾಗಿ ಹೊಂದಿಸಿದ್ದರೆ ರೈಲು ಯಾವುದಾದರೂ ಒಂದು ಕಡೆಗೆ ಹೋಗುತ್ತಿತ್ತು!

"ಉಲ್ಟಾ ಇಟ್ಟವರು ಯಾರು?" ಎಂದರು ಮಾವ, ಪಕ್ಕಾ ಕೋರ್ಟಿನ ದನಿಯಲ್ಲಿ.

ಕೈಪಿಡಿ ಛಾವಣಿ ನೋಡಿದ. ಹಸಿರು ನನ್ನದು. ಬೇರೇನು ಹೇಳಲಿ?

ಮಾವ ತಾವೇ ಕೈ ಚಾಚಿ ಹಸಿರು ಎಂಜಿನನ್ನು ಎತ್ತಿದರು, ತಿರುಗಿಸಿದರು, ಚಕ್ರಗಳನ್ನು ಒಂದೊಂದಾಗಿ ಹಳಿಯ ಮೇಲೆ ಕೂರಿಸಿದರು. ಯಾರ ಸಹಾಯವೂ ಇಲ್ಲದೆ, ತಡಕಾಡದೆ. ಕೊಕ್ಕೆ ಹಾಕಿದರು. ನಾವು ಗುಂಡಿ ಒತ್ತಿದೆವು. ಇಡೀ ರೈಲು ಮೆಲ್ಲಗೆ ಹೊರಟು ಹೊಸ್ತಿಲನ್ನು ಹತ್ತಿ, ಇಳಿದು, ಹಾಲಿಗೆ ಸಾಗಿತು. ಮಾವ ಒಂದು ಕಣ್ಣು ಮುಚ್ಚಿಕೊಂಡು ಕೊನೆಯ ಬೋಗಿ ಮರೆಯಾಗುವವರೆಗೂ ನೋಡಿದರು.

ಆಗ ನಾದಿನಿಯ ಫೋನು ಹೊಡೆದುಕೊಂಡಿತು. ಆಸ್ಪತ್ರೆಯದು. ಎಲ್ಲರಿಗೂ ಕೇಳಲೆಂದು ಅವಳು ಸ್ಪೀಕರ್ ಹಾಕಿದಳು.

"ಪೇಷಂಟ್ ಎಲ್ಲಿ? ಡಾಕ್ಟರು ಕಾಯ್ತಾ ಇದ್ದಾರೆ," ಎಂದರು ಸಿಸ್ಟರ್.

"ಕ್ಷಮಿಸಿ ಸಿಸ್ಟರ್, ಅಪ್ಪನ ಕಣ್ಣು ಸರಿಯಾಗೇ ಇದೆ. ಸರಿ ಇಲ್ಲದ್ದು ಅವರ ಇಬ್ಬರು ಅಳಿಯಂದಿರು."



"ಅದಕ್ಕೆ ನಮ್ಮಲ್ಲಿ ಆಪರೇಷನ್ ಇಲ್ಲಮ್ಮ," ಎಂದರು ಸಿಸ್ಟರ್.